ತಿರುವನಂತಪುರದ ಮೇಲಿಂದ ಕರುಮಾಡಿಗೆ

ನಮ್ಮ ಕೆಳಗಿನ ಮನೆಯ ರತ್ನಾಕರ ಅವರು ದೆವ್ವ, ಭೂತ, ಆತ್ಮ ಯಾವುದನ್ನೂ ನಂಬುವವರಲ್ಲ. ಹಾಗಿರುವಾಗ ತೀರಿಹೋದ ಹೆಂಡತಿ ಮನೆಯಲ್ಲಿ ಎಲ್ಲಿಯೂ ಕಾಣುವುದಿಲ್ಲ, ಒಂದು ಸದ್ದೂ ಮಾಡುವುದಿಲ್ಲ ಎಂಬುದು ಅವರಿಗೆ ಸಮಾಧಾನದ ಸಂಗತಿ ಆಗಬೇಕಿತ್ತು. ಆದರೆ ಅವರ ದೂರೇ ಅದು.

ಅವರು ಬ್ಯಾಂಕಿನಲ್ಲಿ ಚೀಫ್ ಮ್ಯಾನೇಜರ್ ಆಗಿ ನಿವೃತ್ತರಾದವರು. ಊರು ಕಾಸರಗೋಡಿನ ಕಡೆ, ಉಪ್ಪಳ. ನಿವೃತ್ತಿಯಾದದ್ದು ಸಂಬಳಕ್ಕೆ, ಹುದ್ದೆಗೆ ಅಲ್ಲ ಎಂದು ತಿಳಿದಿರುವವರು. ತ್ರಿಪ್ಪುಣಿತ್ತುರದಲ್ಲಿ ಮೆಟ್ರೋ ಕೊನೆಯಾಗುವ ಕಡೆ ಇರುವ ನಮ್ಮ ಕಟ್ಟಡದಲ್ಲಿ ನೀರಿನ ಟ್ಯಾಂಕು ತುಂಬಿ ಹರಿದರೆ ಅದಕ್ಕೊಂದು ‘ರಿವ್ಯೂ ಮೀಟಿಂಗ್’ ಕರೆಯುತ್ತಿದ್ದರು. ಮೀನಿನವನು ಬಂದರೆ ಬುಟ್ಟಿಯ ಮುಂದೆ ಕೈಕಟ್ಟಿ ನಿಂತು, ಸಾಲ ಕೇಳಲು ಬಂದವನ ಮುಖ ನೋಡುವ ಹಾಗೆ ಬಂಗುಡೆಯ ಮುಖ ನೋಡುತ್ತಿದ್ದರು. ನಮ್ಮ ಕನ್ನಡ ಸಂಘದಲ್ಲಿ ಅವರದು ಒಂದೇ ಭಾಷಣ: ‘ಮೂಢನಂಬಿಕೆ: ಒಂದು ವೈಜ್ಞಾನಿಕ ನೋಟ’. ಯುಗಾದಿಗೂ ಅದೇ, ರಾಜ್ಯೋತ್ಸವಕ್ಕೂ ಅದೇ. ಸಂದರ್ಭಕ್ಕೆ ತಕ್ಕಂತೆ ಮೊದಲ ವಾಕ್ಯ ಮಾತ್ರ ಬದಲಾಗುತ್ತಿತ್ತು.

ಅವರ ಹೆಂಡತಿ ರಾಜೀವಿ ಅಕ್ಕ ಭಾಷಣದ ದಿನ ಹಿಂದಿನ ಸಾಲಿನಲ್ಲಿ ಕಣ್ಣು ಮುಚ್ಚಿ ಕೂರುತ್ತಿದ್ದರು. “ಧ್ಯಾನವೇ ಅಕ್ಕ?” ಎಂದು ಒಮ್ಮೆ ಕೇಳಿದ್ದೆ.

“ಎಂತ ಧ್ಯಾನ ಮಾರಾಯ್ರೆ! ಬೆಳಿಗ್ಗೆ ತೆಂಗಿನಕಾಯಿ ತುರಿಯುವಾಗ ಪೂರ್ತಿ ಕೇಳಿ ಆಗಿದೆ. ಕಾಯಿಗೂ ಬಾಯಿಪಾಠ ಬರ್ತದೆ.”

ನಾವು ಅವರ ಮೇಲಿನ ಮಹಡಿಯವರು. ಎರಡೂ ಅಡುಗೆಮನೆಗಳಿಗೆ ಒಂದೇ ಗಾಳಿಕಿಂಡಿ. ಅದರ ಮೂಲಕ ರಾಜೀವಿ ಅಕ್ಕನ ಸಂಸಾರ ನಮ್ಮ ಮನೆಗೂ ಸ್ವಲ್ಪ ಬರುತ್ತಿತ್ತು. ತೆಂಗಿನೆಣ್ಣೆಯ ಒಗ್ಗರಣೆಯ ವಾಸನೆ, ಪಾತ್ರೆಯ ಮೇಲೆ ಮುಚ್ಚಳವನ್ನು ಇಡದೆ ಬಿಸಾಡುವ ಅವರ ಅಭ್ಯಾಸದ ‘ಠಣ್’, ಗಂಡ ಬಾಗಿಲು ತೆರೆದ ಕೂಡಲೇ ಒಳಗಿನಿಂದ “ಬಂದ್ರಾ?” ಎಂಬ ಕೂಗು. ಬಂದವರು ಎದುರಿಗೇ ನಿಂತಿದ್ದರೂ “ಬಂದ್ರಾ?” ಎಂದು ಕೇಳಲೇಬೇಕು. ಗಂಡ ಹೆಂಡತಿ ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆದದ್ದನ್ನು ನಾವು ಕೇಳಿಲ್ಲ. ಇವರು “ಓ ಇವಳೇ” ಎನ್ನುತ್ತಿದ್ದರು, ಅವರು “ಕೇಳಿತಾ” ಎನ್ನುತ್ತಿದ್ದರು. ಇಷ್ಟರಲ್ಲೇ ಒಂದು ಸಂಸಾರ ನಡೆದುಹೋಗಿತ್ತು.

ಕಳೆದ ವರ್ಷ ರಾಜೀವಿ ಅಕ್ಕನಿಗೆ ಹೃದಯದ ಶಸ್ತ್ರಚಿಕಿತ್ಸೆ ಎಂದು ತಿರುವನಂತಪುರದ ಆಸ್ಪತ್ರೆಗೆ ಹೋದರು. ಚಿಕಿತ್ಸೆ ಸರಿಯಾಗಿಯೇ ಆಯಿತು. ಹೃದಯವೇ ಆಮೇಲೆ ಮನಸ್ಸು ಬದಲಿಸಿತು. ದೇಹವನ್ನು ಅಷ್ಟು ದೂರ ಸಾಗಿಸುವುದು ಅವೈಜ್ಞಾನಿಕ ಎಂದು ರತ್ನಾಕರ ಅವರು ಅಲ್ಲಿಯೇ ದಹನ ಮಾಡಿಸಿ, ಅಲ್ಲಿಯ ಸಮುದ್ರಕ್ಕೇ ಬೂದಿ ಬಿಡಿಸಿದರು. ಮಗಳು ಅಪೂರ್ವಾ ಆಸ್ಪತ್ರೆಯ ಸಾಮಾನುಗಳೊಂದಿಗೆ ಕಾರಿನಲ್ಲಿ ಮೊದಲೇ ಬಂದಿದ್ದಳು. ಇವರು ಅಲ್ಲಿಯ ತಂಪಾನೂರು ನಿಲ್ದಾಣದಲ್ಲಿ ರೈಲು ಹತ್ತಿ ಒಬ್ಬರೇ ಬಂದರು.

ಮರುದಿನ ಉಪ್ಪಳದಿಂದ ರಾಜೀವಿಯ ಅಕ್ಕ ಭವಾನಿಯವರ ಫೋನು. ಅವರ ತವರಿನಲ್ಲಿ ಒಂದು ರೂಢಿ ಇದೆ. ಹೊರಗೆಲ್ಲೋ ತೀರಿದವರನ್ನು ಉಳಿದವರು ಮನೆಗೆ ಕರೆದು ತರಬೇಕು. ಹೋದ ಜೀವಕ್ಕೆ ದಾರಿ ತಿಳಿಯುವುದಿಲ್ಲ, ತಾನಾಗಿ ನೀರು ದಾಟಲು ಬರುವುದಿಲ್ಲ. ಸೇತುವೆ ಬಂದಾಗಲೆಲ್ಲ ಕರೆದು ಹೇಳಬೇಕು.

“ಭಾವ, ಸೇತುವೆ ಸೇತುವೆಗೆ ಹೇಳಿದಿರಲ್ಲ?”

“ಎಂತ ಹೇಳುದು ಅಕ್ಕ?”

“ಸೇತುವೆ ಬಂತು, ಬಾ ಅಂತ.”

“ನೋಡಿ ಅಕ್ಕ, ನಾನು ಅಂಥದ್ದನ್ನೆಲ್ಲ…”

“ಹೇಳಿದಿರಾ, ಇಲ್ವಾ?”

“ರೈಲು ಹೊರಟ ಕೂಡಲೇ ನಿದ್ದೆ ಬಂತು.”

ಭವಾನಿಯವರು ತಗ್ಗಿದ ದನಿಯಲ್ಲಿ, “ಹಾಗಾದ್ರೆ ಅವಳು ಅಲ್ಲೇ ನಿಂತಿದ್ದಾಳೆ,” ಎಂದರು.

ಇದನ್ನು ರತ್ನಾಕರ ಅವರು ನಮ್ಮ ಮನೆಗೆ ಬಂದು ನಗುತ್ತಲೇ ಹೇಳಿದರು. ಮುಂದಿನ ಭಾಷಣಕ್ಕೆ ಒಳ್ಳೆಯ ಉದಾಹರಣೆಯಾಯಿತು ಎಂದರು. ನನ್ನ ಹೆಂಡತಿ ಮಂದಾಕಿನಿ ಕೊಟ್ಟ ಕಾಫಿ ಆರಿಹೋಯಿತು, ಕುಡಿಯಲಿಲ್ಲ.

ಆ ಉದಾಹರಣೆ ಭಾಷಣಕ್ಕೆ ಬರಲಿಲ್ಲ. ಭಾಷಣವೇ ನಿಂತಿತು. ಸಂಜೆ ನಾನು ಕಚೇರಿಯಿಂದ ಬರುವಾಗ ಅವರು ವಾಕಿಂಗ್ ಮುಗಿಸಿ ತಮ್ಮ ಬಾಗಿಲು ತೆರೆದು, ಒಳಗೆ ಕಾಲಿಡದೆ, ಹೊಸ್ತಿಲಲ್ಲಿ ತಲೆ ಸ್ವಲ್ಪ ಓರೆ ಮಾಡಿ ನಿಂತಿರುವುದನ್ನು ಎಷ್ಟೋ ಸಲ ಕಂಡೆ. ಒಂದು ದಿನ ನನ್ನನ್ನೂ ತಡೆದರು. “ನಿಲ್ಲಿ ಶ್ರೀಹರಿ. ನಿಮಗೆ ಏನಾದ್ರೂ ಕೇಳ್ತದಾ?”

ಕಿವಿಗೊಟ್ಟೆ. “ಏನೂ ಇಲ್ಲ ಸಾರ್.”

“ಅದೇ. ಏನೂ ಇಲ್ಲ. ಸತ್ತವರ ಮನೆಯಲ್ಲಿ ಏನಾದ್ರೂ ಒಂದು ಇರ್ತದೆ ಮಾರಾಯ್ರೆ. ಒಂದು ಪಾತ್ರೆ ಅಲ್ಲಾಡುದು, ಒಂದು ವಾಸನೆ. ಅದೆಲ್ಲ ಮನಸ್ಸಿನ ಭ್ರಮೆ, ಸರಿ. ಆದ್ರೆ ನನಗೆ ಆ ಭ್ರಮೆ ಸಹ ಆಗುದಿಲ್ಲ.” ಅರ್ಜಿ ಹಾಕಿಯೂ ಮಂಜೂರಾಗದವರ ಮುಖ ಅವರದಾಗಿತ್ತು.

ಅಲ್ಲಿ, ತಂಪಾನೂರಿನ ಆ ಗದ್ದಲದಲ್ಲಿ, ಬಸ್ಸಿನವರ ಕೂಗು, ರೈಲಿನವರ ಘೋಷಣೆಗಳ ನಡುವೆ ಒಬ್ಬಳೇ ನಿಂತಿರುವ ಹೆಂಗಸು ಅವರ ಮನೆಯೊಳಗೆ ಬಂದದ್ದು ಹೀಗೆ, ಬರದೆ ಬಂದದ್ದು.

ವರ್ಷಾಂತ ಹತ್ತಿರವಾದಾಗ ಭವಾನಿಯವರು ಮತ್ತೆ ಫೋನು ಮಾಡಿದರು. “ವರ್ಷ ತುಂಬುವ ಮೊದಲು ಕರೆದ್ರೆ ಬರ್ತಾಳೆ. ಆಮೇಲೆ ನಿಂತ ಜಾಗವೇ ಅವಳ ಮನೆ. ಮತ್ತೆ ನಿಮ್ಮಿಷ್ಟ.” ಅದಾದ ವಾರದಲ್ಲೇ ಸಂಘದ ಗುಂಪಿಗೆ ರತ್ನಾಕರ ಅವರ ಪ್ರವಾಸ ಕಾರ್ಯಕ್ರಮ ಬಂತು. ‘ಉದ್ದೇಶ: ಕೇರಳದ ಬೌದ್ಧ ಪರಂಪರೆಯ ಅಧ್ಯಯನ. ಸ್ಥಳ: ಕರುಮಾಡಿಯ ಪುರಾತನ ಬೌದ್ಧ ದೇವಾಲಯ. ಮಾರ್ಗ: ಎರ್ನಾಕುಲಂ, ತಿರುವನಂತಪುರ, ಅಂಬಲಪ್ಪುಳ, ಕರುಮಾಡಿ, ಎರ್ನಾಕುಲಂ.’

ಕರುಮಾಡಿಯ ಬುದ್ಧ ಆ ಮನೆಗೆ ಹೊಸಬನಲ್ಲ. ಆಲಪ್ಪುಳದ ಆಚೆ, ಕಾಲುವೆಯ ದಡದಲ್ಲಿ ಕರಿಕಲ್ಲಿನ ಬುದ್ಧ ಕೂತಿದ್ದಾನೆ, ಅವನ ಎಡಭಾಗ ಮುರಿದುಹೋಗಿದೆ ಎಂದು ರಾಜೀವಿ ಅಕ್ಕನಿಗೆ ರೈಲಿನಲ್ಲಿ ಯಾರೋ ಹೇಳಿದ್ದರಂತೆ. ನೋಡಬೇಕು ಎಂದಿದ್ದರು. ಗಂಡ ತಕ್ಷಣ ಪ್ಲಾನ್ ಶುರುಮಾಡಿದ್ದರು. ಮಳೆಗಾಲಕ್ಕೆ ಒಂದು ಪ್ಲಾನ್, ಬೇಸಿಗೆಗೆ ಒಂದು, ಮಾರ್ಗದ ಪ್ಲಾನ್, ಊಟದ ಪ್ಲಾನ್. ಪ್ಲಾನ್ ಪಕ್ಕಾ ಆಗದೆ ಹೊರಡುವುದು ಅವರ ಜಾಯಮಾನವಲ್ಲ. ವರ್ಷಗಳು ಕಳೆದವು. “ನಿಮ್ಮ ಪ್ಲಾನ್ ಮುಗಿಯುವಾಗ ಆ ಬುದ್ಧನ ಇನ್ನೊಂದು ಅರ್ಧ ಬೆಳೆದು ಆಗಿರ್ತದೆ,” ಎಂದು ರಾಜೀವಿ ಅಕ್ಕ ಗಾಳಿಕಿಂಡಿಯ ಆಚೆ ಹೇಳಿದ್ದನ್ನು ಮಂದಾಕಿನಿ ಕೇಳಿ ಬಂದು ನನಗೆ ಹೇಳಿ ನಕ್ಕಿದ್ದಳು.

ಸಂಘದಲ್ಲಿ ಬುದ್ಧನ ಬಗ್ಗೆ ಯಾರಿಗೂ ತಕರಾರಿರಲಿಲ್ಲ. ಮಾರ್ಗದ ಬಗ್ಗೆ ಎಲ್ಲರಿಗೂ ಇತ್ತು. ಅಧ್ಯಕ್ಷ ರುದ್ರಪ್ಪನವರು ಬಾಗಲಕೋಟೆ ಕಡೆಯವರು. ಸಭೆಯಲ್ಲಿ ಎದ್ದೇ ನಿಂತರು.

“ಏನ್ರೀ ಸಾಹೇಬ್ರ, ಕರುಮಾಡಿ ಇಲ್ಲೇ ಆಲಪ್ಪುಳ ದಾಟಿದ ಕೂಡ್ಲೇ ಐತಿ. ಅದನ್ನ ಬಿಟ್ಟು ಮುಂದ ತಿರುವನಂತಪುರಕ್ಕ ಹೋಗಿ, ಹೊಳ್ಳಿ ಕರುಮಾಡಿಗೆ ಬರೂದು ಯಾಕ್ರೀ? ಮೂಗು ಹಿಡಿಯಾಕ ತಲಿ ಸುತ್ತ ಕೈ ತಂದಂಗ ಆತಲ್ರೀ!”

“ಐತಿಹಾಸಿಕ ದೃಷ್ಟಿ ಬೇಕು ರುದ್ರಪ್ಪನವರೇ. ದಕ್ಷಿಣದಿಂದ ಉತ್ತರಕ್ಕೇ ಬರಬೇಕು. ಬೌದ್ಧ ಧರ್ಮ ಬಂದದ್ದೇ ಹಾಗೆ.”

ಬೌದ್ಧ ಧರ್ಮ ಉತ್ತರದಿಂದ ದಕ್ಷಿಣಕ್ಕೆ ಬಂತೆಂದು ಸಭೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಆದರೆ ಚೀಫ್ ಮ್ಯಾನೇಜರ್ ದನಿಯಲ್ಲಿ ಹೇಳಿದರೆ ಗಂಗೆಯೂ ಒಂದು ಗಳಿಗೆ ಹಿಂದಕ್ಕೆ ಹರಿಯುತ್ತದೆ. ಯಾರೂ ಏನೂ ಅನ್ನಲಿಲ್ಲ. ಯಾರೂ ಬರುತ್ತೇನೆಂದೂ ಅನ್ನಲಿಲ್ಲ.

ಆ ಸಂಜೆ ಅವರು ನಮ್ಮ ಮನೆಗೆ ಬಂದರು. ಕುರ್ಚಿಯ ತುದಿಯಲ್ಲಿ ಕೂತರು. “ಶ್ರೀಹರಿ, ನೀವು ಬರಬೇಕು. ಅಲ್ಲಿಂದ ಒಬ್ಬರು… ಅಂದ್ರೆ ಒಂದು ಪಾರ್ಟಿ ನಮ್ಮ ಜೊತೆ ಬರ್ಲಿಕ್ಕುಂಟು. ನಾನು ನಿದ್ದೆ ಮಾಡಿಬಿಟ್ರೆ ಕಷ್ಟ.”

ಮಂದಾಕಿನಿ ಕೂಡಲೇ ಅರ್ಥ ಮಾಡಿಕೊಂಡಳು. “ಇವರು ಬರ್ತಾರೆ ಸಾರ್,” ಎಂದಳು. ನನ್ನನ್ನು ಕೇಳುವ ಪದ್ಧತಿ ನಮ್ಮ ಮನೆಯಲ್ಲೂ ಇಲ್ಲ.

ಅಪೂರ್ವಾ ಫೋರ್ಟ್ ಕೊಚ್ಚಿಯ ಹೋಟೆಲೊಂದರಲ್ಲಿ ರಿಸೆಪ್ಷನ್ ನೋಡಿಕೊಳ್ಳುವವಳು. ಅಪ್ಪ ಕನ್ನಡದಲ್ಲಿ ಏನು ಕೇಳಿದರೂ ಮಲಯಾಳದಲ್ಲೇ ಉತ್ತರ ಕೊಡುತ್ತಾಳೆ. ಹೊರಡುವ ದಿನ ಅಪ್ಪನ ಚೀಲಕ್ಕೆ ನೀರಿನ ಬಾಟಲಿ ಹಾಕುತ್ತ, “ಎನಿಕ್ಕರಿಯಾಂ ಅಪ್ಪಾ,” ಎಂದಳು. ನನಗೆ ಗೊತ್ತು ಎಂದರ್ಥ. ಆಮೇಲೆ, ಸೇತುವೆಯ ಮೇಲೆ ಒಬ್ಬರೇ ಮಾತಾಡಿದರೆ ಜನ ನೋಡುತ್ತಾರೆ, ಫೋನನ್ನು ಕಿವಿಗಿಟ್ಟುಕೊಂಡು ಹೇಳು, ಯಾರೂ ತಲೆ ಎತ್ತಿಯೂ ನೋಡುವುದಿಲ್ಲ ಎಂದು ಉಪಾಯ ಹೇಳಿಕೊಟ್ಟಳು. ರತ್ನಾಕರ ಅವರು ಗಂಭೀರವಾಗಿ, “ಇದು ಪ್ರಾಕ್ಟಿಕಲ್,” ಎಂದರು.

ಹೋಗುವಾಗ ಅವರು ಕಿಟಕಿಯ ಬಳಿ ಕೂತು ಒಂದೊಂದು ನೀರನ್ನೂ ನೋಡುತ್ತಿದ್ದರು, ಪರೀಕ್ಷೆಗೆ ಬರುವ ಪಾಠಗಳನ್ನು ಮುನ್ನಾದಿನ ತಿರುವಿಹಾಕುವ ಹುಡುಗನ ಹಾಗೆ. ಕೇರಳದಲ್ಲಿ ನೀರಿಗೆ ಬರವೇ? ಹೊಳೆ ಮುಗಿದರೆ ತೋಡು, ತೋಡು ಮುಗಿದರೆ ಕಾಯಲು ಎಂಬ ಹಿನ್ನೀರು. “ಬಯಲುಸೀಮೆ ಕಡೆ ಸತ್ತಿದ್ರೆ ಸುಲಭ ಇತ್ತು,” ಎಂದು ಒಮ್ಮೆ ಗೊಣಗಿದರು. ನಗಬೇಕೋ ಬೇಡವೋ ತಿಳಿಯದೆ ನಾನು ಬಾಳೆಕಾಯಿ ಚಿಪ್ಸ್ ಮುಂದೆ ಹಿಡಿದೆ.

ತಂಪಾನೂರಿನಲ್ಲಿ ಇಳಿದು ಆಟೋದಲ್ಲಿ ಆಸ್ಪತ್ರೆಗೆ ಹೋದೆವು. ಭವಾನಿಯವರ ಪ್ರಕಾರ ಉಸಿರು ನಿಂತ ಜಾಗದಿಂದಲೇ, ಹೆಸರು ಹೇಳಿ ಕರೆಯಬೇಕು. ಒಳಗೆ ಬಿಡುವುದಿಲ್ಲವಲ್ಲ, ಗೇಟಿನ ಎದುರು ನಿಂತೆವು. ಆ ಮಹಡಿ ಯಾವುದೆಂದು ಅವರಿಗೆ ಗೊತ್ತಿತ್ತು. ಕಿಟಕಿಯನ್ನು ನೋಡುತ್ತ ಫೋನನ್ನು ಕಿವಿಗಿಟ್ಟರು. ನೂರಾರು ಜನರ ಮುಂದೆ ಮೈಕ್ ಹಿಡಿದು ಮಾತಾಡುವ ಮನುಷ್ಯನ ಬಾಯಿಂದ ಮಾತು ಹೊರಡಲಿಲ್ಲ.

“ಹೆಸರು ಹೇಳಿ ಕರೀಬೇಕಂತಲ್ಲ ಸಾರ್,” ಎಂದೆ.

“ಹೆಸರು ಹಿಡಿದು ಕರೆದ್ರೆ ಅವಳಿಗೆ ಗಾಬರಿ ಆಗ್ತದೆ. ಏನೋ ಆಗಿದೆ ಅಂತ ತಿಳ್ಕೊಳ್ತಾಳೆ.”

ಏನೋ ಆಗಿದೆ ಎಂಬುದು ಅಕ್ಕನಿಗೆ ಇಷ್ಟರಲ್ಲಿ ಗೊತ್ತಾಗಿರಬಹುದು ಎಂದು ನನ್ನ ನಾಲಿಗೆಯ ತುದಿಗೆ ಬಂದಿತ್ತು, ನುಂಗಿದೆ. ಕೊನೆಗೆ ಅವರು ತುಂಬ ಮೆಲ್ಲಗೆ, ಮದುವೆಮನೆಯಲ್ಲಿ ಹೆಂಗಸರ ಗುಂಪಿನಿಂದ ಹೆಂಡತಿಯನ್ನು ಹೊರಗೆ ಕರೆಯುವವರ ಹಾಗೆ, “ಓ ಇವಳೇ. ಕೇಳ್ತದಾ? ಹೊರಡುವ. ರೈಲಿಗೆ ಹೊತ್ತಾಯ್ತು,” ಎಂದರು. ಆಟೋ ಹತ್ತುವಾಗ ತಾವು ಒಂದು ಬದಿಗೆ ಸರಿದು ಕೂತು, ನನ್ನನ್ನು ಡ್ರೈವರ್ ಪಕ್ಕಕ್ಕೆ ಕಳಿಸಿದರು.

ವಾಪಸಿನ ರೈಲಿಗೆ ಮೂರು ಸೀಟು ಕಾದಿರಿಸಿದ್ದರು. ಟಿಕೆಟ್ ತಪಾಸಣೆಯವರು ಮೂರನೆಯವರು ಎಲ್ಲಿ ಎಂದು ಮಲಯಾಳದಲ್ಲಿ ಕೇಳಿದರು. ರತ್ನಾಕರ ಅವರು ಕಿಟಕಿಯ ಪಕ್ಕದ ಖಾಲಿ ಸೀಟನ್ನು ನೋಡಿ, “ಇದ್ದಾರೆ,” ಎಂದು ಕನ್ನಡದಲ್ಲೇ ಹೇಳಿದರು. ಆತ ಸೀಟನ್ನು ನೋಡಿದರು, ಇವರ ಮುಖ ನೋಡಿದರು, ಗುರುತು ಹಾಕಿಕೊಂಡು ಮುಂದೆ ಹೋದರು.

ಮೊದಮೊದಲು ನಾಚಿಕೆ ಇತ್ತು. ಸೇತುವೆಯ ಕಬ್ಬಿಣ ಗುಡುಗತೊಡಗಿದಾಗ ಫೋನು ಕಿವಿಗೆ ಹೋಗುತ್ತಿತ್ತು. “ಹಾಂ, ಸೇತುವೆ ಬಂತು. ಬಾ. ಹಾಂ, ಹಾಂ.” ಆಚೆ ಕಡೆಯವರು ಏನೋ ಹೇಳುತ್ತಿದ್ದಾರೆಂಬಂತೆ ನಡುನಡುವೆ ನಿಲ್ಲಿಸುತ್ತಿದ್ದರು. ಎಷ್ಟು ಚೆನ್ನಾಗಿ ನಿಲ್ಲಿಸುತ್ತಿದ್ದರೆಂದರೆ, ಆ ಮೌನದಲ್ಲಿ ಉತ್ತರ ಎಲ್ಲಿಯಾದರೂ ಕೇಳಿಬಿಟ್ಟೀತು ಎಂದು ನಾನು ಕಿಟಕಿಯ ಆಚೆ ನೋಡುತ್ತಿದ್ದೆ.

ಕೊಲ್ಲಂ ದಾಟಿದ ಮೇಲೆ ಅಷ್ಟಮುಡಿ ಕಾಯಲಿನ ಮೇಲೆ ಪೆರುಮಣ್ ಸೇತುವೆ ಬರುತ್ತದೆ. ಹಿಂದೊಮ್ಮೆ ಬೆಂಗಳೂರಿನಿಂದ ಬಂದ ರೈಲು ಬಿದ್ದದ್ದು ಅಲ್ಲೇ. ನೂರಕ್ಕೂ ಹೆಚ್ಚು ಜನ ಹೋದರು. ರತ್ನಾಕರ ಅವರು ಫೋನು ಕಿವಿಗಿಟ್ಟು “ಸೇತುವೆ ಬಂತು” ಎನ್ನುವುದಕ್ಕೂ ಅದೇ ಫೋನು ಕಿವಿಯಲ್ಲೇ ಗಟ್ಟಿಯಾಗಿ ರಿಂಗಾಗುವುದಕ್ಕೂ ಸರಿಹೋಯಿತು. ಭವಾನಿಯವರು. ಸುತ್ತಲಿನವರೆಲ್ಲ ತಿರುಗಿ ನೋಡಿದರು. ಇಷ್ಟು ಹೊತ್ತು ಈ ಮನುಷ್ಯ ಮಾತಾಡಿದ್ದು ಯಾರೊಂದಿಗೆ ಎಂಬ ಪ್ರಶ್ನೆ ಒಂದೊಂದು ಮುಖದಲ್ಲೂ ಇತ್ತು. ಅವರು ಕರೆಯನ್ನು ಕತ್ತರಿಸಿ ಫೋನನ್ನು ಜೇಬಿಗಿಟ್ಟರು. ಕೆಳಗೆ ನೀರು, ಇನ್ನೂ ನೀರು.

ಎದುರಿಗೆ ಕೂತಿದ್ದ, ಬಿಳಿ ಮುಂಡು ಉಟ್ಟ ಒಬ್ಬ ಅಜ್ಜಿ ಮಾತ್ರ ಆಶ್ಚರ್ಯಪಡಲಿಲ್ಲ. ಮುಂದೆ ಬಾಗಿ, “ಪೇರು ಚೊಲ್ಲಿ ವಿಳಿಕ್ಕ್ ಮೋನೇ,” ಎಂದರು. ಹೆಸರು ಹೇಳಿ ಕರೆ ಮಗನೇ. ಈ ನೀರಲ್ಲಿ ಬಹಳ ಜನ ಇದ್ದಾರೆ. ಹೆಸರಿಲ್ಲದೆ ಬಾ ಎಂದರೆ ಯಾರು ಬರುತ್ತಾರೋ ಹೇಗೆ ಹೇಳುವುದು? ಇಷ್ಟು ಹೇಳಿ ಅವರು ಕೈಮುಗಿದು ನೀರಿನ ಕಡೆ ತಿರುಗಿದರು.

ರತ್ನಾಕರ ಅವರ ತುಟಿ ಅಲುಗಿತು. ‘ರಾ’ ಎಂಬವರೆಗೆ ಬಂತೋ ಏನೋ. ಆಮೇಲೆ, ಫೋನಿಲ್ಲದೆ, ಇಡೀ ಬೋಗಿಗೆ ಕೇಳುವಂತೆ, “ಓ ಇವಳೇ! ಸೇತುವೆ ಬಂತು, ಬಾ!” ಎಂದರು. ಯಾರೂ ನಗಲಿಲ್ಲ.

ಅಂಬಲಪ್ಪುಳದಲ್ಲಿ ಇಳಿದಾಗ ಭವಾನಿಯವರೇ ಮತ್ತೆ ಕರೆದರು. ಕರುಮಾಡಿಯ ಮಾತು ಕೇಳಿ ಸಿಡುಕಿದರು. ಆ ದನಿಗೆ ಸ್ಪೀಕರ್ ಬೇಕಿರಲಿಲ್ಲ.

“ನಿಮಗೆ ತಲೆ ಸರಿ ಉಂಟಾ ಭಾವ? ಕರೆದು ತರುವಾಗ ನಡುವೆ ದೇವರಿದ್ದಲ್ಲಿ ನಿಲ್ಲಿಸ್ತಾರಾ? ಅವಳು ಅಲ್ಲೇ ಕೂತುಬಿಟ್ಟರೆ?”

“ಅಕ್ಕ, ಬುದ್ಧ ದೇವರಲ್ಲ.”

“ಅದು ನಿಮಗೆ ಗೊತ್ತು. ಅವಳಿಗೆ ಗೊತ್ತುಂಟಾ?”

ರತ್ನಾಕರ ಅವರು ಫೋನನ್ನು ಕೆಳಗಿಳಿಸಿ ನನ್ನ ಕಡೆ ನೋಡಿದರು. “ತೋರಿಸ್ತೇನೆ ಅಂತ ಹೇಳಿದ್ದೆ ಮಾರಾಯ್ರೆ. ಎಷ್ಟು ವರ್ಷದಿಂದ ಹೇಳಿದ್ದೆ.”

ಹೋದೆವು. ಅವರ ಕಾರ್ಯಕ್ರಮದ ‘ಪುರಾತನ ದೇವಾಲಯ’ ಎಂದರೆ ಕಾಲುವೆಯ ಬದಿಯಲ್ಲಿ ಗುಮ್ಮಟದ ಒಂದು ಪುಟ್ಟ ಮಂಟಪ. ಒಳಗೆ ಕರಿಕಲ್ಲಿನ ಬುದ್ಧ. ಆನೆ ಮುರಿಯಿತೆಂದು ಒಂದು ಕತೆ. ನಿಜ ಯಾರಿಗೂ ಗೊತ್ತಿಲ್ಲ. ಇದ್ದ ಅರ್ಧದಲ್ಲಿ ಎಷ್ಟು ನೆಮ್ಮದಿ ಇತ್ತೆಂದರೆ, ಇಲ್ಲದ ಅರ್ಧ ಸ್ವಲ್ಪ ಹೊತ್ತು ಎಲ್ಲಿಯೋ ಎದ್ದು ಹೋಗಿದೆ, ಈಗ ಬರುತ್ತದೆ ಎನ್ನುವಂತಿತ್ತು. ನಾವಲ್ಲದೆ ಯಾರೂ ಇರಲಿಲ್ಲ.

ರತ್ನಾಕರ ಅವರು ಗಂಟಲು ಸರಿಮಾಡಿಕೊಂಡು ಕೇರಳದಲ್ಲಿ ಬೌದ್ಧ ಧರ್ಮದ ಏಳುಬೀಳಿನ ಬಗ್ಗೆ ಶುರುಮಾಡಿದರು. ಸ್ವಲ್ಪ ಹೊತ್ತಿಗೆ ತಿಳಿಯಿತು, ಭಾಷಣ ನನಗಲ್ಲ. ನಾನು ಅವರ ಬಲಕ್ಕೆ ನಿಂತಿದ್ದೆ. ಅವರು ಎಡಕ್ಕೆ ತಿರುಗಿ, ತಮ್ಮ ಭುಜಕ್ಕಿಂತ ಸ್ವಲ್ಪ ಕೆಳಗೆ, ರಾಜೀವಿ ಅಕ್ಕನ ಎತ್ತರಕ್ಕೆ ನೋಡುತ್ತ ಹೇಳುತ್ತಿದ್ದರು. ನಡುವೆ ಒಮ್ಮೆ ನಿಲ್ಲಿಸಿ, “ಇಲ್ಲ, ಇನ್ನೂ ಬೆಳೆಯಲಿಲ್ಲ,” ಎಂದರು. ಯಾವುದಕ್ಕೆ ಉತ್ತರ ಎಂದು ನನಗೆ ಗೊತ್ತಿತ್ತು. ಮಂಟಪದ ಸುತ್ತ ನೆರಳು ಉದ್ದವಾಗುತ್ತಿತ್ತು.

ಹೊರಡುವ ಹೊತ್ತಾಯಿತು. “ಹೋಗುವನಾ?” ಎಂದರು, ಎಡಕ್ಕೆ. ನಿಂತರು. ನಾನು ಗಡಿಯಾರ ನೋಡಿದೆ.

“ಬರ್ತಾ ಇಲ್ವಾ ಸಾರ್?” ಹೀಗೆ ಕೇಳಿದೆನಲ್ಲ ಎಂದು ಕೇಳಿದ ಮೇಲೆ ಹೊಳೆಯಿತು.

“ಮಂಡಿನೋವು ಉಂಟಲ್ಲ ಅವಳಿಗೆ. ಒಮ್ಮೆ ಕೂತರೆ ಏಳ್ಲಿಕ್ಕೆ ಹೊತ್ತು ಬೇಕು.”

ಕಾದೆವು. ಕಾಲುವೆಯಲ್ಲಿ ಒಂದು ದೋಣಿ ಸದ್ದಿಲ್ಲದೆ ಹೋಯಿತು. ಆಮೇಲೆ ರತ್ನಾಕರ ಅವರು ನಡೆದರು. ದಾರಿ ಕಿರಿದು. ಅವರ ಹಿಂದೆ ಹೆಜ್ಜೆ ಇಡಲು ಹೊರಟವನು ತಡೆದು, ಒಬ್ಬರು ದಾಟುವಷ್ಟು ಹೊತ್ತು ಬದಿಗೆ ಸರಿದು ನಿಂತೆ. ನಾನೂ ಇಂಥದ್ದನ್ನೆಲ್ಲ ನಂಬುವವನಲ್ಲ. ಆದರೆ ಹೆಂಗಸರಿಗೆ ದಾರಿ ಬಿಡುವುದು ನಂಬಿಕೆಯ ವಿಷಯವಲ್ಲ.

ಮುಂದೆ ಎಲ್ಲ ಸುಗಮ. ಅರೂರಿನ ಕಾಯಲು, ಕುಂಬಳದ ಕಾಯಲು, ಎಲ್ಲವನ್ನೂ ಅವರು ಒಳ್ಳೆಯ ಗೈಡಿನ ಹಾಗೆ ದಾಟಿಸಿದರು. ಎರ್ನಾಕುಲಂನಲ್ಲಿ ಮೆಟ್ರೋ ಹತ್ತಿದೆವು. ಇನ್ನು ಉಳಿದಿದ್ದದ್ದು ಚಂಪಕ್ಕರದ ಕಾಲುವೆ ಒಂದೇ. ಅದು ದಾಟಿದರೆ ಮನೆ. ಅವರ ಮುಖದಲ್ಲಿ ಒಂದು ವರ್ಷದಿಂದ ಕಾಣದಿದ್ದ ಬೆಳಕಿತ್ತು.

ವೈಟ್ಟಿಲದಲ್ಲಿ ರುದ್ರಪ್ಪನವರು ಹತ್ತಿದರು.

“ಓಹೋ, ಸಾಹೇಬ್ರು! ಬುದ್ಧನ್ನ ನೋಡಿ ಬಂದ್ರೇನ್ರೀ?” ಎನ್ನುತ್ತ ಅಂಟಿಕೊಂಡೇ ನಿಂತರು. “ನಿಮ್ಮ ಬಗ್ಗೆನ ಕಮಿಟಿಯೊಳಗ ಮಾತಾತು. ಹೆಂಡ್ತಿ ಹೋದ ದುಃಖದಾಗೂ ಪೂಜಿ ಪುನಸ್ಕಾರ ಅಂತ ಬಗ್ಗಲಿಲ್ಲ ನೋಡ್ರಿ ನೀವು. ಅದು ಗಂಡಸ್ತನ! ನಿಮಗ ‘ವಿಚಾರ ಭೂಷಣ’ ಅಂತ ಬಿರುದು ಕೊಟ್ಟು ಸನ್ಮಾನ ಮಾಡೂದಂತ ಠರಾವಾಗೇತಿ.”

ತೈಕೂಡಂ ನಿಲ್ದಾಣ ದಾಟಿತು. ರತ್ನಾಕರ ಅವರ ಕೈ ಜೇಬಿನ ಫೋನಿನ ಮೇಲಿತ್ತು. ಕತ್ತಲಲ್ಲಿ ಕಾಲುವೆಯ ನೀರು ಹೊಳೆಯಿತು. ಅವರು ರುದ್ರಪ್ಪನವರನ್ನು ನೋಡಿದರು, ನೀರನ್ನು ನೋಡಿದರು, ನನ್ನನ್ನು ನೋಡಿದರು. ‘ವಿಚಾರ ಭೂಷಣ’ ಎಂಬುದು ಗಂಟಲಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತ್ತು. ಗಲ್ಲವನ್ನು ನನ್ನ ಕಡೆ ಒಂದಿಷ್ಟು ಎತ್ತಿದರು: ನೀವು ಹೇಳಿ.

ನಾನು ಫೋನು ಕಿವಿಗಿಟ್ಟುಕೊಂಡೆ. “ಅಕ್ಕಾ, ಕಾಲುವೆ ಬಂತು. ಬನ್ನಿ,” ಎಂದೆ.

“ಯಾರ್ರೀ?” ಎಂದರು ರುದ್ರಪ್ಪ.

“ನಮ್ಮ ಅಕ್ಕ.”

ಆ ರಾತ್ರಿ ರತ್ನಾಕರ ಅವರು ತಮ್ಮ ಬಾಗಿಲು ತೆರೆದು ಹೊಸ್ತಿಲಲ್ಲಿ ನಿಂತರು. ನಾನೂ ಮೆಟ್ಟಿಲ ಬಳಿ ನಿಂತೆ. ತುಂಬ ಹೊತ್ತು ನಿಂತೆವು. ಕೊನೆಗೆ ಅವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ನಾನು ಮೇಲೆ ಹೋಗಿ ನಮ್ಮ ಮನೆಯ ಬೀಗ ತೆಗೆದೆ. ಒಳಗಿನಿಂದ, “ಬಂದ್ರಾ?”

ಚಪ್ಪಲಿ ಬಿಡುತ್ತ, “ಹೂಂ,” ಎಂದೆ. ಆಮೇಲೆ ಕಾಲು ಅಲ್ಲೇ ನಿಂತಿತು. ನನ್ನ ಹೆಂಡತಿ ಮದುವೆಯಾದಾಗಿನಿಂದ ಬಾಗಿಲ ಸದ್ದಿಗೆ ಕೇಳುವುದು “ಯಾರು?” ಎಂದು. ಒಳಗೆ ಹೋಗಿ ನೋಡಿದರೆ ಮಂದಾಕಿನಿ ಬಾಲ್ಕನಿಯಲ್ಲಿ ಬಟ್ಟೆ ತೆಗೆಯುತ್ತಿದ್ದಳು. ನಾನು ಬಂದದ್ದೇ ಅವಳಿಗೆ ತಿಳಿದಿರಲಿಲ್ಲ.

ಮರುದಿನ ಊಟಕ್ಕೆ ಕುಳಿತಾಗ, “ಸಾರಿನ ಒಗ್ಗರಣೆಗೆ ತೆಂಗಿನೆಣ್ಣೆ ಹಾಕಿದ್ಯಾ?” ಎಂದೆ.

“ನಮ್ಮನೇಲಿ ತೆಂಗಿನೆಣ್ಣೆ ಇರೋದು ತಲೆಗೆ,” ಎಂದಳು. “ನಿಮಗೂ ಬಂತಾ ವಾಸನೆ?”

ಅಡುಗೆಮನೆಯಲ್ಲಿ ಯಾರೂ ಮುಟ್ಟದ ಮುಚ್ಚಳ ‘ಠಣ್’ ಎಂದಿತು. ಗಾಳಿಕಿಂಡಿಯ ಕೆಳಗಿನ ಮನೆ ಮೊದಲಿನಂತೆಯೇ ನಿಶ್ಶಬ್ದವಾಗಿತ್ತು. ಎರಡು ದಿನ ಕಳೆಯುವಷ್ಟರಲ್ಲಿ ಮಂದಾಕಿನಿ ಅಡುಗೆಮನೆಯಲ್ಲಿ ಒಬ್ಬಳೇ ಏನೋ ಹೇಳಿಕೊಳ್ಳುವುದು ನನ್ನ ಕಿವಿಗೆ ಬಿತ್ತು. ಕೇಳಿದರೆ, “ಸುಮ್ಮನೆ ಇದ್ರೆ ಬೇಜಾರು ಮಾಡ್ಕೋತಾರೇನೋ ಅಂತ,” ಎಂದಳು.

ವಿಷಯ ಹೇಳದೆ ವಿಧಿಯಿರಲಿಲ್ಲ. ರತ್ನಾಕರ ಅವರು ಕೇಳಿ, ನಮ್ಮ ಮುಂದೆಯೇ ಉಪ್ಪಳಕ್ಕೆ ಫೋನು ಹಚ್ಚಿದರು.

“ಕೊನೆಯ ನೀರಿಗೆ ಕರೆದದ್ದು ಯಾರು?” ಎಂದರು ಭವಾನಿಯವರು.

“ಮೇಲಿನ ಮನೆಯವರು.”

“ಮತ್ತೆಂತ? ಕರೆದವರ ಹಿಂದೆ ಹೋಗಿದ್ದಾಳೆ. ಅವಳ ತಪ್ಪಾ ಅದು? ಹೋಗಿ ಕರೆದು ತನ್ನಿ. ಇನ್ನೊಬ್ಬರ ಮನೆಯಲ್ಲಿ ಎಷ್ಟು ದಿನ ಇರುದು?”

ಒಂದು ಮಹಡಿ ಇಳಿಸುವುದಕ್ಕೂ ರತ್ನಾಕರ ಅವರು ಪ್ಲಾನ್ ಮಾಡಿದರು. ಲಿಫ್ಟೋ, ಮೆಟ್ಟಿಲೋ? ಲಿಫ್ಟಿನ ಬಾಗಿಲು ಬೇಗ ಮುಚ್ಚುತ್ತದೆ; ಮಂಡಿನೋವಿಗೆ ಮೆಟ್ಟಿಲು ಕಷ್ಟ. ಬೆಳಿಗ್ಗೆಯೋ, ಸಂಜೆಯೋ? ಅಪೂರ್ವಾ ಇದ್ದರೆ ಒಳ್ಳೆಯದೋ, ಇಲ್ಲದಿದ್ದರೆ ಒಳ್ಳೆಯದೋ? ವರ್ಷಾಂತಕ್ಕೆ ಒಂದೇ ದಿನ ಉಳಿಯಿತು. ಆಗ ಅಪೂರ್ವಾ ಅಪ್ಪನ ಕೈ ಹಿಡಿದು ಎಬ್ಬಿಸಿ, “ಇನ್ನ್ ಪೋಗಾಂ,” ಎಂದಳಂತೆ. ಇವತ್ತೇ ಹೋಗೋಣ.

ದೀಪ ಹಚ್ಚುವ ಹೊತ್ತು. ನಮ್ಮ ಹಾಲಿನಲ್ಲಿ, ದುರದೃಷ್ಟಕ್ಕೆ, ರುದ್ರಪ್ಪನವರು ಕೂತಿದ್ದರು. ಕೆಳಗೆ ಬಾಗಿಲು ಬಡಿದರೂ ಯಾರೂ ತೆರೆಯಲಿಲ್ಲವೆಂದು ‘ವಿಚಾರ ಭೂಷಣ’ದ ಆಮಂತ್ರಣ ಹಿಡಿದು ಮೇಲೆ ಬಂದವರು. ಬಾಗಿಲಲ್ಲಿ ಇಸ್ತ್ರಿ ಮಾಡಿದ ಪಂಚೆಯಲ್ಲಿ ರತ್ನಾಕರ ಅವರು ಕಾಣಿಸಿಕೊಂಡರು, ಹಿಂದೆ ಅಪೂರ್ವಾ.

“ಬರ್ರಿ ಬರ್ರಿ ಸಾಹೇಬ್ರ! ನಿಮ್ಮನ್ನ ಹುಡುಕ್ಕೋಂತನ…”

ರತ್ನಾಕರ ಅವರು ಕೈ ಎತ್ತಿ ತಡೆದರು. ಅಡುಗೆಮನೆಯ ಕಡೆ ನೋಡಿದರು. ಅಭ್ಯಾಸಬಲದಿಂದ ಬಾಯಿಗೆ ಬಂದದ್ದು, “ಓ ಇವಳೇ…”

“ಏನ್ ಸಾರ್?” ಎನ್ನುತ್ತ ಮಂದಾಕಿನಿ ಅಡುಗೆಮನೆಯಿಂದ ತಲೆ ಹೊರಗೆ ಹಾಕಿದಳು.

ಅವರು ಪೆಚ್ಚಾದರು. ಹೆಂಗಸರಿಬ್ಬರು ಇರುವ ಮನೆಯಲ್ಲಿ ‘ಇವಳೇ’ ಎಂದರೆ ಯಾರು ಬರಬೇಕು? ರುದ್ರಪ್ಪನವರ ಕೈಯಲ್ಲಿ ಆಮಂತ್ರಣದ ಬಂಗಾರದ ಅಕ್ಷರಗಳು ಹೊಳೆಯುತ್ತಿದ್ದವು. ರತ್ನಾಕರ ಅವರು ಅದನ್ನು ಒಮ್ಮೆ ನೋಡಿದರು. ಆಮೇಲೆ ನೋಡಲಿಲ್ಲ.

“ರಾಜೀವೀ,” ಎಂದರು.

ಆ ಹೆಸರು ಅವರ ದನಿಯಲ್ಲಿ ಹೊಸದಾಗಿತ್ತು. ಹೊಸ ಚಪ್ಪಲಿಯ ಹಾಗೆ ಸ್ವಲ್ಪ ಕಿರುಗುಟ್ಟಿತು. “ರಾಜೀವೀ, ಬಾ. ನಾನೇ ಬಂದಿದ್ದೇನೆ. ಮನೆಗೆ ಹೋಗುವ.”

ಅಡುಗೆಮನೆಯ ಬಾಗಿಲಿನಿಂದ ಮಂದಾಕಿನಿ ಮೆಲ್ಲಗೆ ಬದಿಗೆ ಸರಿದು ದಾರಿ ಬಿಟ್ಟಳು. ರುದ್ರಪ್ಪನವರಿಗೆ ಎಷ್ಟು ಅರ್ಥವಾಯಿತೋ. ಆದರೆ ಅವರು ಚಾಚಿದ್ದ ಕಾಲನ್ನು ಒಳಗೆ ಎಳೆದುಕೊಂಡು ಎದ್ದು ನಿಂತರು. ಏನೋ ದಾಟಿಹೋಗುವಷ್ಟು ಹೊತ್ತು ತಲೆ ತಗ್ಗಿಸಿ, “ಹೋಗಿ ಬಾರವಾ ತಂಗಿ,” ಎಂದರು. ಆಮಂತ್ರಣವನ್ನು ಮಡಚಿ ಜೇಬಿಗಿಟ್ಟುಕೊಂಡರು.

ರತ್ನಾಕರ ಅವರು ಮೆಟ್ಟಿಲಿಳಿದರು. ಬಲುನಿಧಾನವಾಗಿ, ಒಂದೊಂದು ಮೆಟ್ಟಿಲಲ್ಲೂ ನಿಂತು. “ಅಮ್ಮಾ, ಪಡಿಯಾಣ್, ನೋಕ್ಕಿ,” ಎನ್ನುತ್ತಿದ್ದಳು ಅಪೂರ್ವಾ. ಮೆಟ್ಟಿಲಮ್ಮಾ, ನೋಡಿಕೊಂಡು. ಕೆಳಗೆ ಬಾಗಿಲು ತೆರೆಯಿತು. ಮುಚ್ಚಿತು. ನಾವು ಮೂವರೂ ಗಾಳಿಕಿಂಡಿಯ ಬಳಿ ಕಳ್ಳರ ಹಾಗೆ ನಿಂತು ಕೇಳಿದೆವು. ತುಂಬ ಹೊತ್ತಿನ ಮೇಲೆ, ಕೆಳಗಿನಿಂದ, ಮುಚ್ಚಳ ಬಿದ್ದ ಸದ್ದು.

ಮರುದಿನ ಸಂಜೆ ಕಚೇರಿಯಿಂದ ಬಂದು ಬಾಗಿಲು ತೆರೆದೆ. ಚಪ್ಪಲಿ ಬಿಡದೆ, ಹೊಸ್ತಿಲಲ್ಲಿ, ತಲೆ ಸ್ವಲ್ಪ ಓರೆ ಮಾಡಿ ನಿಂತೆ.

“ಯಾರು?” ಎಂದಳು ಮಂದಾಕಿನಿ ಒಳಗಿನಿಂದ.

“ನಾನೇ,” ಎಂದೆ.